ಕೊನೆಯ ಬೆಂಚಿನ ಯಜಮಾನರು

“ಅಕ್ಕಾ, ಆ ಯಜಮಾನರು ಕಂಪನಿಯ ಗೂಢಚಾರರೇ. ಬೇಕಾದ್ರೆ ಬರೆದಿಟ್ಕೋ,” ಎಂದು ತಂಗಿ ಕಿವಿಯಲ್ಲಿ ಪಿಸುಗುಟ್ಟಿದಳು.

ಅಕ್ಕ ಕಪ್ಪುಹಲಗೆ ಒರೆಸುತ್ತಲೇ ಓರೆಗಣ್ಣಿನಿಂದ ಕೊನೆಯ ಬೆಂಚು ನೋಡಿದಳು. ಗರಿಗರಿಯಾದ ಅಂಗಿ, ನೀಟಾಗಿ ಬಾಚಿದ ಬಿಳಿಗೂದಲು. ಮುಂದೆ ಪುಸ್ತಕವಿಲ್ಲ, ಪೆನ್ನೂ ಇಲ್ಲ. ಯಜಮಾನರು ಎಂದಿನಂತೆ ಅವಳನ್ನೇ ನೋಡುತ್ತ ಕೂತಿದ್ದರು. ಇವತ್ತು ಪರೀಕ್ಷೆ. ಅಕ್ಕನ ಎದೆಯಲ್ಲಿ ಅವಲಕ್ಕಿ ಕುಟ್ಟಿದ ಹಾಗಾಗುತ್ತಿತ್ತು. ಆಗದೆ ಏನು ಮಾಡೀತು? ಜಪಾನಿ ಕಲಿಸುವ ಈ ಟೀಚರಮ್ಮನಿಗೆ ಜಪಾನಿ ಭಾಷೆಯೇ ಬರುತ್ತಿರಲಿಲ್ಲ.

ಪರದೇಶದ ಆ ಊರಿನ ಹೋಟೆಲೊಂದರಲ್ಲಿ ಅಕ್ಕ ಹಾಸಿಗೆ ಬಟ್ಟೆಗಳಿಗೆ ಇಸ್ತ್ರಿ ಮಾಡುತ್ತಿದ್ದಳು, ತಂಗಿ ಕೋಣೆ ಗುಡಿಸುತ್ತಿದ್ದಳು. ಹೋಟೆಲು ಮುಚ್ಚುವ ಸುದ್ದಿ ಬಂತು. ಅದೇ ಹೊತ್ತಿಗೆ ಜಪಾನಿನ ಕಂಪನಿಯೊಂದು ತನ್ನ ವೃದ್ಧಾಶ್ರಮಗಳಿಗೆ ಜನ ಬೇಕು ಎಂದಿತು. ಭಾಷೆಯ ಪರೀಕ್ಷೆ ಪಾಸಾದರೆ ಕೆಲಸ, ಇಲ್ಲದಿದ್ದರೆ ಗಂಟುಮೂಟೆ ಕಟ್ಟಿಕೊಂಡು ಊರಿಗೆ. ನಮ್ಮ ಭಾಷೆಯವರ ಸಂಘದ ಕಾರ್ಯದರ್ಶಿಗಳು ಒಂದು ಕ್ಲಾಸು ಗೊತ್ತುಮಾಡಿ, ಕೋಣೆಯ ಬೀಗದ ಕೈ ಕಾವಲುಗಾರನಿಗೆ ಕೊಟ್ಟು, ರಜೆಯ ಮೇಲೆ ಹೊರಟುಹೋದರು.

ಮೊದಲ ದಿನ ಅಕ್ಕ ಬೇಗ ಬಂದಳು, ಕಲಿಯಲಿಕ್ಕೆ. ಹಲಗೆಯ ಮೇಲೆ ಧೂಳು. ಧೂಳು ಕಂಡರೆ ಅವಳ ಕೈ ಸುಮ್ಮನಿರುವುದಿಲ್ಲ. ಒರೆಸುತ್ತ ನಿಂತಿದ್ದಾಗ, ಪಾಠಕ್ಕೆಂದೇ ಬಂದ ಡ್ರೈವರೊಬ್ಬ ಒಳಗೆ ಕಾಲಿಟ್ಟು, “ನಮಸ್ಕಾರ ಮೇಡಂ” ಎಂದು ಕೈಮುಗಿದ. ಹಿಂದೆಯೇ ಬಂದ ಅಡುಗೆಯವರು, ದಾದಿ, ಎಲ್ಲರೂ ಕೈಮುಗಿದು ಕೂತರು. ಕೂತು ಪುಸ್ತಕ ಬಿಚ್ಚಿದರು. ‘ಅಯ್ಯೋ, ನಾನಲ್ಲ’ ಎನ್ನಲು ಅಕ್ಕ ಬಾಯಿ ತೆರೆದಳು. ಅಷ್ಟು ಜನ ಅಷ್ಟು ಆಸೆಯಿಂದ ಆ ಬಾಯಿಯನ್ನೇ ನೋಡಿದರೆ ಯಾರಿಗೆ ತಾನೇ ಮನಸ್ಸು ಬರುತ್ತದೆ? ತೆರೆದ ಬಾಯಿಯಿಂದ ಪುಸ್ತಕದ ಮೊದಲ ಪುಟ ಹೊರಬಂತು. ಎಲ್ಲರೂ ಒಟ್ಟಿಗೆ ಅದನ್ನೇ ಹೇಳಿದರು.

ಯಜಮಾನರು ಬಂದದ್ದು ಆಗ. ಬಾಗಿಲಲ್ಲಿ ನಿಂತು ಅವಳನ್ನು ನೋಡಿದರು, ಹಲಗೆ ನೋಡಿದರು, ಬಾಗಿಲ ಮೇಲಿನ ಕೋಣೆ ನಂಬರು ನೋಡಿದರು. ಆಮೇಲೆ ಸದ್ದಾಗದಂತೆ ಹೋಗಿ ಕೊನೆಯ ಬೆಂಚಿನಲ್ಲಿ ಕೂತರು. ಅವರ ಹಿಂದೆಯೇ ಓಡಿಬಂದ ತಂಗಿ ಮಾತ್ರ ಬಾಗಿಲಲ್ಲೇ ಕಲ್ಲಾದಳು.

“ಏನೇ ಇದು, ಅಕ್ಕಾ?” ಎಂದಳು ಮನೆಗೆ ಮರಳುವ ದಾರಿಯಲ್ಲಿ.

“ನಾಳೆ ಹೇಳ್ಬಿಡ್ತೀನಿ ಕಣೇ.”

ಆ ನಾಳೆ ಬರಲೇ ಇಲ್ಲ. ಅಕ್ಕ ಇಸ್ತ್ರಿ ಮಾಡುತ್ತ ಫೋನಿನಲ್ಲಿ ಪಾಠ ಕೇಳುವಳು, ಸಂಜೆ ಅದನ್ನೇ ಬಂದು ಒಪ್ಪಿಸುವಳು. ಒಂದು ಪಾಠದಷ್ಟು ಮುಂದಿದ್ದರೆ ಸಾಕಲ್ಲ, ಟೀಚರಿಕೆಗೆ!

ಕಾಟವೆಂದರೆ ಯಜಮಾನರದು. ಅಂಗಡಿಗೆ ಕಾಲಿಟ್ಟೊಡನೆ ‘ಒಯಾಸುಮಿನಸಾಯ್’ ಎನ್ನಬೇಕು ಎಂದು ಅಕ್ಕ ಕಲಿಸಿದ ದಿನ ಅವರು ಮೆಲ್ಲಗೆ ಕೈ ಎತ್ತಿದರು. “ಮೇಡಂ, ಅದನ್ನ ಮಲಗೋ ಮುಂಚೆ ಹೇಳಿದ್ರೆ ತಪ್ಪಾಗುತ್ತಾ?” ಮನೆಗೆ ಹೋಗಿ ನೋಡಿದರೆ, ಅದು ಮಲಗುವ ಮುಂಚೆಯೇ ಹೇಳುವ ಮಾತು! ಅಲ್ಲಿಂದ ಮುಂದೆ ಅವಳು ಎಡವಿದಾಗಲೆಲ್ಲ ಆ ಕೈ ಮೇಲೇಳುತ್ತಿತ್ತು. “ಹೀಗೂ ಹೇಳಬಹುದಾ ಮೇಡಂ?” ಸೀಮೆಸುಣ್ಣ ಮುಗಿದರೆ ಅವರ ಜೇಬಿನಿಂದಲೇ ಹೊಸ ಡಬ್ಬಿ. ಇಷ್ಟು ಗಮನವಿಟ್ಟು ಪಾಠ ಕೇಳುವವನು ಗೂಢಚಾರನಲ್ಲದೆ ಇನ್ನಾರು?

ಒಂದು ಸಂಜೆ ಅಕ್ಕ ಗಟ್ಟಿ ಮನಸ್ಸು ಮಾಡಿದಳು. “ಯಜಮಾನ್ರೇ, ನಿಮ್ಮ ಹತ್ರ ಒಂದು ವಿಷಯ ಹೇಳ್ಬೇಕಿತ್ತು.”

ಅವರ ಮುಖ ಬಿಳುಚಿಕೊಂಡಿತು. “ನನಗೂ ಒಂದು ಹೇಳೋದಿದೆ ಮೇಡಂ. ಆದ್ರೆ ಈಗ ಬೇಡ. ಪರೀಕ್ಷೆ ಒಂದು ಆಗ್ಲಿ.”

ಮುಗಿಯಿತು ಕಥೆ ಎಂದುಕೊಂಡಳು ಅಕ್ಕ. ತನ್ನ ಮಾನ ಹೋದರೆ ಹೋಗಲಿ, ತಂಗಿ, ದಾದಿ, ಡ್ರೈವರು, ಅಡುಗೆಯವರು ತನ್ನಿಂದಾಗಿ ಹಾಳಾದರಲ್ಲ ಎಂದು ಅವಳಿಗೆ ಅಳು ಬಂತು.

ಇವತ್ತು ಪರೀಕ್ಷಕಿ ಬಂದೇಬಿಟ್ಟಳು. ನಮ್ಮ ಭಾಷೆಯವಳೇ, ಜಪಾನಿನಲ್ಲಿ ಬಹಳ ಕಾಲವಿದ್ದು ಪಳಗಿದವಳು. ಪಕ್ಕದ ಕೋಣೆಗೆ ಒಬ್ಬೊಬ್ಬರನ್ನೇ ಕರೆದಳು. ಡ್ರೈವರು ಬೆವರು ಒರೆಸುತ್ತ ಹೊರಬಂದ. ದಾದಿ ನಗುತ್ತ ಬಂದಳು. ತಂಗಿ ಬಂದು ಅಕ್ಕನ ಕೈ ಹಿಡಿದುಕೊಂಡಳು.

ಕೊನೆಗೆ ಯಜಮಾನರ ಸರದಿ. ಹೋಗುವಾಗ ಒಮ್ಮೆ ತಿರುಗಿ ಅಕ್ಕನನ್ನು ನೋಡಿದರು. “ಕ್ಷಮಿಸಿ ಮೇಡಂ. ಇನ್ನು ಮುಚ್ಚಿಟ್ಟು ಪ್ರಯೋಜನ ಇಲ್ಲ.”

ಬಾಗಿಲು ಮುಚ್ಚಿತು. ಒಳಗೆ ಬಹಳ ಹೊತ್ತು ಮಾತು. ಪರೀಕ್ಷಕಿಯ ದನಿ ಏರಿತು, ಇಳಿಯಿತು, ಮತ್ತೆ ಏರಿತು. “ಅಕ್ಕಾ, ಎಲ್ಲ ಊದಿಬಿಟ್ರು,” ಎಂದಳು ತಂಗಿ. ಅಕ್ಕ ಎದ್ದು ನಿಂತಳು. ತಪ್ಪೊಪ್ಪಿಕೊಂಡು ಕಾಲಿಗೆ ಬೀಳುವುದೆಂದು ತೀರ್ಮಾನಿಸಿದಳು.

ಪರೀಕ್ಷಕಿ ಹೊರಬಂದಳು. ಅವಳ ಹಿಂದೆ ಯಜಮಾನರು ತಲೆ ತಗ್ಗಿಸಿ ನಿಂತಿದ್ದರು.

“ಮೇಡಂ, ದಯವಿಟ್ಟು...” ಎಂದು ಅಕ್ಕ ಶುರುಮಾಡಿದಳು.

“ಏನ್ ಪಾಠ ಮಾಡಿದೀರಿ ಮೇಡಂ!” ಪರೀಕ್ಷಕಿ ಅವಳ ಕೈ ಹಿಡಿದು ಕುಲುಕಿದಳು. “ಎಲ್ಲರೂ ಪಾಸು. ಎಲ್ಲರಿಗೂ ಕೆಲಸ ಗ್ಯಾರಂಟಿ. ಈ ಹಿರಿಯರು ಒಬ್ಬರು ಮಾತ್ರ ಫೇಲು, ಇವರನ್ನ ಮೊದಲನೇ ಪಾಠದಿಂದ ಮತ್ತೆ ಕೂರಿಸ್ಕೊಳ್ಳಿ.”

ಕ್ಲಾಸೆಲ್ಲ ಹೋ ಎಂದಿತು. ಅಕ್ಕನಿಗೆ ನಂಬಿಕೆ ಬರಲಿಲ್ಲ. “ಇವರು ಫೇಲಾ? ಹೇಗೆ?”

“ಉಚ್ಚಾರವೇನೋ ಚಿನ್ನದಂಥದ್ದು, ಆದ್ರೆ ಪ್ರಶ್ನೆನೇ ಅರ್ಥ ಆಗಲ್ಲ ಪಾಪ. ‘ಏನ್ ಕೆಲಸ ಮಾಡ್ತೀರಿ’ ಅಂತ ಎಷ್ಟು ಸಲ ಕೇಳಿದ್ರೂ, ‘ಈ ಕ್ಲಾಸಿನ ಮೇಷ್ಟ್ರು ನಾನೇ, ಮೊದಲ ದಿನ ಬರೋದು ತಡ ಆಯ್ತು, ಅಷ್ಟರಲ್ಲಿ ಪಾಠ ಶುರುವಾಗಿತ್ತು, ಮಧ್ಯೆ ಎದ್ದು ಹೇಳೋಕೆ ಸಂಕೋಚ ಆಯ್ತು’ ಅಂತಲೇ ಅಂತಾರೆ!”