ಹೊಳೆ ಹರಿಯುವ ಕಡೆಯ ಪತ್ರಿಕೆ

"ಹೊಸಪೇಟೆ ಪೇಪರ್ ಬಂತಾ, ಸಾಬ್ರೇ?"

ಭವ್ಯಾ ಬಾಗಿಲಲ್ಲೇ ನಿಂತು ಕೇಳಿದಳು. ಓದುಕೋಣೆಯಲ್ಲಿ ಕೂತವರ ಮುಖಗಳನ್ನೆಲ್ಲ ಒಮ್ಮೆ ನೋಡಿದ ಮೇಲೆಯೇ ಒಳಗೆ ಕಾಲಿಟ್ಟಳು.

ಲೈಬ್ರರಿಯ ಅಟೆಂಡರ್ ಬುಡನ್ ಸಾಬ್, ಮುದುಕ ಉಚ್ಚಂಗೆಪ್ಪನ ಕೈಯಿಂದ ಪತ್ರಿಕೆ ಎಳೆದ. "ಬಿಡ್ರಿ ಅಜ್ಜಾರೆ. ನೀವು ಓದಂಗಿಲ್ಲ, ಬೀಸ್ಕೊಂತೀರಿ."

"ನಿನ್ನ ಫ್ಯಾನ್ ತಿರುಗಿದ್ರೆ ಯಾಕ ಬೀಸ್ಕೊಂತಿದ್ದೆ?"

ಭವ್ಯಾ ನಗಲಿಲ್ಲ. ದಾವಣಗೆರೆಯ ಅಂಗಡಿಗಳಲ್ಲಿ ಈ ಜಿಲ್ಲೆಯ ಆವೃತ್ತಿ ಮಾತ್ರ ಸಿಗುತ್ತದೆ. ತುಂಗಭದ್ರೆ ಹರಿದುಹೋಗುವ ಕಡೆಯ ಊರುಗಳ ಸುದ್ದಿ ಬೇಕೆಂದರೆ ಮಹಾರಾಜರ ಕಾಲದ ಈ ಕಲ್ಲುಕಟ್ಟಡಕ್ಕೇ ಬರಬೇಕು. ಹರಿಹರದಲ್ಲಿ ಗಂಡ ತಿಪ್ಪೇಶ್ ಹೊಳೆಗೆ ಬಿದ್ದ, ಇನ್ನೂ ಸಿಕ್ಕಿಲ್ಲ. ಬುಡನ್ ಸಾಬ್ ಕೇಳಿದಾಗ ಅಷ್ಟನ್ನೇ ಹೇಳಿದ್ದಳು. ಈಗ ಅವಳು ನಿಟ್ಟುವಳ್ಳಿ ಬಡಾವಣೆಯ ಬಾಡಿಗೆ ಕೋಣೆಯಲ್ಲಿ ಒಬ್ಬಳೇ. ಫೋನೂ ಇಟ್ಟುಕೊಂಡಿರಲಿಲ್ಲ.

ಅವಳ ಬೆರಳು ಒಳಪುಟದ ಮೂಲೆಗೆ ಹೋಯಿತು. ಗುರುತು ಸಿಗದ ಶವ. ಹೂವಿನಹಡಗಲಿ ಬಳಿ, ಹೊಳೆ ದಂಡೆಯಲ್ಲಿ. ಗಂಡಸು. ವಯಸ್ಸು ಸುಮಾರು ಮೂವತ್ತೈದು.

ಅವಳು ಮುಂದಿನ ಸಾಲಿಗೆ ಬೆರಳು ಸರಿಸಿದಳು.

ಎಡಗಾಲಿಗೆ ಆರು ಬೆರಳು.

ತಿಪ್ಪೇಶ್ ಅಲ್ಲ. ಭವ್ಯಾ ಎರಡೂ ಕೈಗಳಿಂದ ಮುಖ ಮುಚ್ಚಿಕೊಂಡಳು.

"ಅವರಲ್ಲ ತಾನೆ? ಒಳ್ಳೇದಾತು ಬಿಡು ತಾಯಿ."

"ಸಿಕ್ಕಿದ್ರೆ ನಿದ್ದೆನಾದ್ರೂ ಬರ್ತಿತ್ತು, ಸಾಬ್ರೇ."

"ಪೊಲೀಸ್ರಿಗೆ ಹೇಳು ಅಂತ ಎಷ್ಟು ಸಲ ಅಂದೆ."

"ಬ್ಯಾಡ್ರಿ."

ಬುಡನ್ ಸಾಬ್ ಕುರ್ಚಿ ಎಳೆದುಕೊಂಡು ಎದುರು ಕೂತ. ಅವನ ಕಣ್ಣುಗಳು ತುಂಬಿದ್ದವು, ತುಟಿಯಲ್ಲಿ ಮಾತ್ರ ತಡೆಯಲಾಗದ ನಗು.

"ನಿನ್ನ ಸಂಕಟ ನೋಡಾಕ ಆಗ್ಲಿಲ್ಲ ತಾಯಿ. ನನ್ನ ಅಳಿಯ ಹರಿಹರದಾಗೇ ಅದಾನೆ, ಅವನ ಕೈಲಿ ವಿಚಾರಿಸ್ದೆ. ನಿನ್ನ ಯಜಮಾನ್ರನ್ನ ಮೀನು ಹಿಡಿಯೋರು ಎಳ್ಕೊಂಡು ದಂಡಿಗೆ ಹಾಕಿದ್ರಂತೆ. ಆಸ್ಪತ್ರೆಯಾಗೆ ಇದ್ರಂತೆ. ಎದ್ದು ಓಡಾಡಂಗಾದ ಮ್ಯಾಲೆ ಊರೂರು ನಿನ್ನೇ ಹುಡುಕ್ತಾ ಇದ್ರಂತೆ!"

ಭವ್ಯಾಳ ಮುಖದಲ್ಲಿ ರಕ್ತವೇ ಉಳಿಯಲಿಲ್ಲ.

"ಹೆದರ್ಬ್ಯಾಡ, ಖುಷಿಗೆ ಹಂಗಾಗತೈತೆ. ಒಮ್ಮೆಗೇ ತೋರಿಸ್ಬೇಕು ಅಂತ ಕಪಾಟಿನ ಹಿಂದೆ ಕೂಡ್ರಿಸಿದ್ದೆ." ಬುಡನ್ ಸಾಬ್ ಅವಳ ಬೆನ್ನ ಹಿಂದೆ ನೋಡಿ ತಲೆಯಾಡಿಸಿದ. "ಬರ್ರಿ, ಬರ್ರಿ."

ಹೆಜ್ಜೆ ಸಪ್ಪಳ ಹತ್ತಿರವಾಯಿತು. ಅವಳು ತಿರುಗಲಿಲ್ಲ.

ಅಂದು ತಿಪ್ಪೇಶ್ ಕಾಲು ಜಾರಿ ಬೀಳುವವರೆಗೂ ಅವಳ ತಲೆಯನ್ನು ಹೊಳೆಯ ನೀರೊಳಗೆ ಅದುಮಿ ಹಿಡಿದಿದ್ದ ಕೈ, ಮೆಲ್ಲಗೆ ಅವಳ ಹೆಗಲ ಮೇಲೆ ಬಂದು ಕೂತಿತು.