ಅರವತ್ತು ಮೈಲಿಯ ಮುಳ್ಳು

"ಕೀ ಇತ್ತ ಕೊಡು. ಅರವತ್ತು ಮೈಲೀಲಿ ಓಡ್ಸೋ ಡ್ರೈವರ್ ನನಗ್ ಬೇಡ!" ಯಶವಂತಪುರದ ಗ್ಯಾರೇಜಿನ ಮುಂದೆ ಲಾರಿಯ ಧಣಿ ದೊಡ್ಡಮುನಿಯಪ್ಪ ಗುಡುಗಿದ.

ಡ್ರೈವರ್ ಬೈಲಪ್ಪನ ಮೈಯೆಲ್ಲ ಉರಿಯಿತು. "ಹೆಬ್ಬಾಳದ ಕೆರೆ ಏರಿ ಮೇಲೆ ಹುಲ್ಲಿನ ಗಾಡಿ ನಮ್ಮನ್ನ ಹಿಂದಾಕಿ ಹೋಯ್ತಲ್ಲ ಧಣಿ, ಆ ಎತ್ತುಗಳೇನು ವಿಮಾನದ ಎಣ್ಣೆ ಕುಡಿದಿದ್ವಾ?"

"ಮೀಟರ್ ಮುಳ್ಳು ಅರವತ್ತಕ್ಕೆ ಹೋಗಿದ್ದು ಕಣ್ಣಾರೆ ನೋಡಿದೀನಿ ಕಣೋ!"

ಮೇಸ್ತ್ರಿ ಗಫೂರ್ ಸಾಬರು ಇಬ್ಬರನ್ನೂ ಲೆಕ್ಕಿಸದೆ ಲಾರಿಯಡಿ ನುಸುಳಿ, ಮೀಟರಿಗೆ ಹೋಗುವ ಕೇಬಲ್ಲನ್ನು ಎಳೆದು ತೆಗೆದರು. ಅದು ಎಣ್ಣೆಸ್ನಾನಕ್ಕೆ ಕೂರಿಸಿದ ಕೂಸಿನಂತೆ ತೊಟ್ಟಿಕ್ಕುತ್ತಿತ್ತು. "ಯಾವನಯ್ಯ ಇದಕ್ಕೆ ಎಣ್ಣೆ ಹುಯ್ದವನು? ಮೀಟರ್ ಒಳಕ್ಕೇ ಹತ್ತಿದೆ. ಲಾರಿ ತೆವಳಿದ್ರೂ ಮುಳ್ಳು ಅರವತ್ತಕ್ಕೆ ಹಾರದೆ ಇನ್ನೇನ್ ಮಾಡ್ತದೆ?"

"ಇವನೇ, ಇನ್ಯಾರು?" ಧಣಿ ಬೆರಳು ತೋರಿಸಿದ.

ಬೈಲಪ್ಪ ಕೇಬಲ್ಲನ್ನು ಕಿತ್ತುಕೊಂಡು ಮೂಗಿಗೆ ಹಿಡಿದ. ಹರಳೆಣ್ಣೆ! ದಿನಾ ಪಕ್ಕದ ಸೀಟಿನಿಂದ, ಧಣಿಯ ತಲೆಯಿಂದ ಬರುತ್ತಿದ್ದ ಅದೇ ವಾಸನೆ.

"ಆಯುಧಪೂಜೆ ದಿನ ಹರಳೆಣ್ಣೆ ಸೀಸೆ ಇಟ್ಕೊಂಡು ಲಾರೀಲಿ ನೀವೊಬ್ರೇ ಏನ್ ಮಾಡ್ತಿದ್ರಿ ಧಣಿ?"

ಧಣಿಯ ಕೈ ತಾನಾಗಿಯೇ ತಲೆಗೆ ಹೋಯಿತು. ಎಣ್ಣೆಯಾದ ಆ ಕೈಯನ್ನೇ ಎಳೆದು ಬೈಲಪ್ಪ ಅದರೊಳಗೆ ಕೀ ಕುಕ್ಕಿದ.

"ತಗಳ್ಳಿ. ಇಷ್ಟು ಎಣ್ಣೆ ಹುಯ್ದಿದೀರಲ್ಲ, ಹಿಂದಿಂದ ತಳ್ಳಿ. ಮನೆವರ್ಗೂ ಜಾರ್ಕೊಂಡೇ ಹೋಗ್ತದೆ."