ದಪ್ಪನೆಯ ಪರದೆ

ಮಾದಕ ವಸ್ತುಗಳು ಮತ್ತು ಸರ್ಕಾರದ ನೀತಿ ಕುರಿತ ಬೇಸಿಗೆ ಶಿಬಿರದ ಕೊನೆಯ ದಿನ. ಚಟ ಬಿಟ್ಟ ಹೆಣ್ಣುಮಗಳೊಬ್ಬಳು ಪರದೆಯ ಹಿಂದೆ ಕುಳಿತು ತನ್ನ ಅನುಭವ ಹೇಳುವವಳಿದ್ದಳು.

ಪರದೆಯ ಸಂದಿಯಿಂದ ಸಭೆಯನ್ನು ನೋಡಿದವಳೇ ಶಿಬಿರದ ಸಂಚಾಲಕರನ್ನು ಹತ್ತಿರ ಕರೆದಳು. "ಸರ್, ಎರಡನೇ ಸಾಲಲ್ಲಿ ನಮ್ಮ ಸ್ಕೂಲಿನ ಹೆಡ್ಮಾಸ್ಟರು ಕೂತಿದ್ದಾರೆ. ಗೊತ್ತಾದ್ರೆ ನನ್ನ ಕೆಲಸ ಹೋಗುತ್ತೆ."

"ಪರದೆ ದಪ್ಪ ಇದೆಯಮ್ಮ. ಮೈಕಲ್ಲಿ ದನಿನೂ ಬದಲಾಗುತ್ತೆ. ನಿಮ್ಮ ಹೆಸರು ನನ್ನ ಬಾಯಿಂದ ಬಂದ್ರೆ ಕೇಳಿ, ನನ್ನ ಮಕ್ಕಳ ಮೇಲಾಣೆ," ಎಂದರು ಸಂಚಾಲಕರು. ಆಮೇಲೆ ಹೊರಗೆ ಬಂದು, ವಂದನಾರ್ಪಣೆಯ ಹೊಣೆ ಹೊತ್ತಿದ್ದ ಉಪನ್ಯಾಸಕಿಯ ಕೈಗೆ ಪಟ್ಟಿ ಕೊಟ್ಟರು. "ಮೇಡಂ, ಒಬ್ಬರನ್ನೂ ಬಿಡಬೇಡಿ. ಹೋದ ವರ್ಷ ಶಾಮಿಯಾನದವರ ಹೆಸರು ಬಿಟ್ಟು ದೊಡ್ಡ ರಂಪ ಆಯ್ತು."

ಪರದೆಯ ಹಿಂದಿನ ಹೆಣ್ಣುಮಗಳು ಎಲ್ಲವನ್ನೂ ಹೇಳಿದಳು. ಕಾಲೇಜಿನಲ್ಲಿ ಅಂಟಿದ ಬ್ರೌನ್ ಶುಗರ್ ಚಟ, ಆಸ್ಪತ್ರೆಯ ಎಂಟು ತಿಂಗಳು, ಮುಟ್ಟದೆ ಕಳೆದ ನಾಲ್ಕು ವರ್ಷ. ಸಭೆಯೆಲ್ಲ ಎದ್ದು ನಿಂತು ಚಪ್ಪಾಳೆ ತಟ್ಟಿತು.

ಹೆಡ್ಮಾಸ್ಟರು ಮಾತ್ರ ಮೈಕು ಕೇಳಿ ಪಡೆದರು. "ಪಾಪ ಅನ್ಸುತ್ತೆ, ನಿಜ. ಆದ್ರೆ ಇಂಥವರನ್ನ ಮಕ್ಕಳ ಹತ್ರ ಬಿಡೋಕಾಗುತ್ತಾ? ನಮ್ಮ ಸ್ಕೂಲಲ್ಲಾಗಿದ್ರೆ ಗೊತ್ತಾದ ದಿನವೇ ಮನೆಗೆ ಕಳಿಸ್ತಿದ್ದೆ."



ಕೊನೆಗೆ ಉಪನ್ಯಾಸಕಿ ಪಟ್ಟಿ ಹಿಡಿದು ವೇದಿಕೆಗೆ ಬಂದರು. ಉದ್ಘಾಟಕರಿಗೆ, ಅಡುಗೆಯವರಿಗೆ, ಮೈಕಿನವರಿಗೆ ವಂದಿಸಿದರು.

"ಪರದೆ ಒದಗಿಸಿದ ಶಾಮಿಯಾನದವರಿಗೂ, ಅದರ ಹಿಂದೆ ಕುಳಿತು ಮನಬಿಚ್ಚಿ ಮಾತಾಡಿದ ಬಾಲಿಕಾ ಪ್ರೌಢಶಾಲೆಯ ಗಣಿತ ಶಿಕ್ಷಕಿ ಕುಮಾರಿ ಡಿ. ಎಸ್. ವೇದಾವತಿ ಅವರಿಗೂ ತುಂಬು ಹೃದಯದ ವಂದನೆಗಳು."